ಮೊದಲು ನೋಡು, ಆಮೇಲೆ ಬಿಚ್ಚು

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ ಬಂದ ಅಪ್ಪ ಅಮ್ಮಂದಿರು ಏನೇನು ಬರೆಯುತ್ತಾರೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ನಯಾಗರಾ, ವಾಲ್‌ಮಾರ್ಟ್, ಅಲ್ಲಿನ ರಸ್ತೆ, ಅಲ್ಲಿನ ದೇವಸ್ಥಾನದ ಪ್ರಸಾದ... ಹೆದರಬೇಡಿ, ನಾನು ಅದ್ಯಾವುದನ್ನೂ ಬರೆಯೋದಿಲ್ಲ. ನಾನು ಬರೆಯಹೊರಟಿರುವುದು ಒಂದು ಜಾಕ್ ಬಗ್ಗೆ. ಹೌದು, ಗಾಡಿ ಎತ್ತುವ ಜಾಕ್! ನಗಬೇಡಿ. ಮೂವತ್ತು ವರ್ಷಕ್ಕೂ ಮಿಕ್ಕಿ ಪುಣೆಯ ಪಿಂಪ್ರಿ ಕಡೆಯ ಕಾರ್ಖಾನೆಗಳಲ್ಲಿ ಹೈಡ್ರಾಲಿಕ್ ಪ್ರೆಸ್ಸುಗಳ ಮೇಂಟೆನೆನ್ಸ್ ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ ಎಲ್ಲಿ ಹೋದರೂ ಕಾಣೋದು ಎಣ್ಣೆ, ಪಂಪು, ವಾಲ್ವು ಇವೇ. ನಮ್ಮ ಹಾವೇರಿ ಕಡೆ ಹೇಳ್ತಾರಲ್ಲ, ಗಾಣಿಗನಿಗೆ ಕನಸಿನಲ್ಲೂ ಎಣ್ಣೆ ಅಂತ, ಹಾಗೆ.

2023ರ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೆವು. ಮಗ ಮತ್ತು ಅವನ ಗೆಳೆಯ ಸೇರಿ ಒಂದು ಹಳೇ ಮೋಟರ್‌ಹೋಮ್ ಕೊಂಡಿದ್ದರು. ಮೂವತ್ತು ಅಡಿ ಉದ್ದದ, ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಬಸ್ಸು ಅಂದುಕೊಳ್ಳಿ. ತೂಕ ಎಂಟು ಟನ್ನಿಗೂ ಮಿಕ್ಕಿ. ಅದರಲ್ಲಿ ಯೆಲ್ಲೊಸ್ಟೋನ್ ನೋಡಲು ಐನೂರು ಚಿಲ್ಲರೆ ಕಿಲೋಮೀಟರ್ ದೂರದ ವೆಸ್ಟ್ ಯೆಲ್ಲೊಸ್ಟೋನ್ ಎಂಬ ಊರಿಗೆ ಹೋದೆವು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್ ಎತ್ತರ. ಹಗಲು ಹಿತವಾದ ಬಿಸಿಲು, ರಾತ್ರಿ ಹಲ್ಲು ಕಟಕಟ.

ಈ ಗಾಡಿಗಳನ್ನು ನಿಲ್ಲಿಸಿದ ಮೇಲೆ ಮಟ್ಟ ಮಾಡಬೇಕು. ಅದಕ್ಕೇ ನಾಲ್ಕು ಮೂಲೆಗೆ ನಾಲ್ಕು ಹೈಡ್ರಾಲಿಕ್ ಜಾಕ್ ಇರುತ್ತವೆ. ಡ್ರೈವರ್ ಪಕ್ಕದ ಗುಂಡಿ ಒತ್ತಿದರೆ ಬ್ಯಾಟರಿಯ ಕರೆಂಟಿನಿಂದ ಪಂಪು ತಿರುಗಿ, ಎಣ್ಣೆ ಹೋಗಿ, ಜಾಕ್‌ಗಳು ಕೆಳಗಿಳಿದು ಗಾಡಿಯನ್ನು ಹೆಗಲ ಮೇಲೆ ಹೊರುತ್ತವೆ. ಮಟ್ಟ ಯಾಕೆ ಬೇಕು? ಮಲಗಿದಾಗ ಉರುಳಬಾರದು ಅಂತ ಮಾತ್ರ ಅಲ್ಲ. ಹಳೇ ಮೋಟರ್‌ಹೋಮ್‌ಗಳ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ತುಂಬಿದ ಕೊಳವೆಗೆ ಶಾಖ ಕೊಟ್ಟು ತಂಪು ಮಾಡುವ ವಿಧಾನ ಅದು. 1922ರಲ್ಲಿ ಸ್ವೀಡನ್ನಿನ ಬಾಲ್ಟ್ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದದ್ದು. ಅದರೊಳಗೆ ದ್ರವ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಗಾಡಿ ವಾಲಿದ್ದರೆ ದ್ರವ ಎಲ್ಲೋ ನಿಂತು, ಶಾಖ ಕೊಡುವ ಜಾಗ ಒಣಗಿ ಸುಟ್ಟು, ಫ್ರಿಜ್ಜೇ ಹಾಳು. ಸ್ವಲ್ಪದರಲ್ಲಿ ಹೇಳಬೇಕೆಂದರೆ ಜಾಕ್ ಕೆಟ್ಟರೆ ಹಾಲೂ ಕೆಡುತ್ತದೆ!

ಮೊದಲ ಸಂಜೆ ಗುಂಡಿ ಒತ್ತಿದಾಗಲೇ ಪಂಪಿನ ಶಬ್ದ ನನಗೆ ಸರಿಬರಲಿಲ್ಲ. ಮುದುಕ ದಮ್ಮು ಹತ್ತಿ ಮೆಟ್ಟಿಲು ಏರಿದ ಹಾಗೆ ನರಳುತ್ತಿತ್ತು. ಫಲಕದಲ್ಲಿ ಕಡಿಮೆ ವೋಲ್ಟೇಜಿನ ಕೆಂಪು ದೀಪ ಬೇರೆ ಮಿಣುಕುತ್ತಿತ್ತು. "ಅದು ಯಾವಾಗಲೂ ಹಂಗ ಅಪ್ಪಾ" ಅಂದ ಮಗ. ಎರಡು ದಿನ ಸುತ್ತಾಡಿದೆವು. ಮೂರನೇ ಬೆಳಿಗ್ಗೆ ಹೊರಡಬೇಕು, ಮೂರು ಜಾಕ್ ನಿಧಾನಕ್ಕೆ ಮೇಲೆ ಹೋದವು, ಹಿಂದಿನ ಎಡಗಡೆಯದು ಮಾತ್ರ ಕಂಬದ ಹಾಗೆ ನಿಂತೇ ಇತ್ತು. ಮಗ ಫೋನ್ ಹಚ್ಚಿದ. ಆ ಕಡೆಯ ರಿಪೇರಿಯವರು ಲಕ್ಷಣ ಕೇಳಿ, ಪಂಪಿನ ಜೋಡಣೆಯನ್ನು ಪೂರ್ತಿ ಬದಲಿಸಬೇಕಾಗಬಹುದು, ಎರಡು ಸಾವಿರ ಡಾಲರಿನ ಆಸುಪಾಸು, ಬರೋದು ನಾಡಿದ್ದು ಅಂದರಂತೆ.

ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಹೊರಗೆ ಬಂದು ನೋಡಿದರೆ ಮಗ ಕೈಯಲ್ಲಿ ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ಅರ್ಧ ನುಗ್ಗಿದ್ದಾನೆ. ಕಾಲು ಮಾತ್ರ ಕಾಣುತ್ತಿದೆ.

"ಹೊರಗ ಬಾ! ಮೊದಲ ಹೊರಗ ಬಾ!"

ಆ ಕೂಗು ನನ್ನದೇ ಅಂತ ನನಗೇ ಗೊತ್ತಾಗಲಿಲ್ಲ. ಪಕ್ಕದ ಗಾಡಿಯ ಅಮೆರಿಕನ್ ಅಜ್ಜ ಓಡಿ ಬಂದ. ಮಗ ಹೊರಬಂದು ಮಣ್ಣು ಕೊಡವಿಕೊಳ್ಳುತ್ತ, "ಅಪ್ಪಾ, ಒಂದ್ ಏಟು ಕೊಟ್ರ ಮ್ಯಾಲ ಹೊಕ್ಕೈತಿ. ಎಲ್ಲಾರ ಮುಂದ ಯಾಕ ಹಂಗ ಒದರತೀರಿ?" ಅಂತ ಸಿಟ್ಟು ಮಾಡಿದ. ಮೂವತ್ನಾಲ್ಕು ವರ್ಷದ ಮಗ, ಎರಡು ಮಕ್ಕಳ ತಂದೆ. ಅವನ ಸಿಟ್ಟೂ ತಪ್ಪಲ್ಲ.

ಆದರೆ ನಾನು ಯಾಕೆ ಒದರಿದೆ ಅನ್ನೋದನ್ನು ಅವನಿಗೆ ಯಾವತ್ತೂ ಹೇಳಿರಲಿಲ್ಲ. 1991ರಲ್ಲಿ, ಅವನಿನ್ನೂ ಎರಡು ವರ್ಷದ ಕೂಸು, ಭೋಸರಿ ಕಡೆಯ ಒಂದು ಗ್ಯಾರೇಜಿನಲ್ಲಿ ಟಿಪ್ಪರ್ ಲಾರಿಯ ತೊಟ್ಟಿಯನ್ನು ಹೈಡ್ರಾಲಿಕ್ ಮೇಲೇ ಎತ್ತಿ ನಿಲ್ಲಿಸಿದ್ದರು. ಕೆಳಗೆ ಆಸರೆ ಕೊಟ್ಟಿರಲಿಲ್ಲ. ಗ್ರೀಸ್ ಹೊಡೆಯಲು ಹುಡುಗ ಚಾಸಿಯ ಮೇಲೆ ಬಗ್ಗಿದ್ದ. ಹೋಸ್ ಪೈಪು ಒಡೆಯಿತು. ನಮ್ಮ ಕಾರ್ಖಾನೆಯಿಂದ ಜಾಕ್ ತಗೊಂಡು ಓಡಿದವರಲ್ಲಿ ನಾನೂ ಒಬ್ಬ. ನಾವು ಹೋಗಿದ್ದು ತಡವಾಗಿತ್ತು. ಅವನಿಗೆ ಹತ್ತೊಂಬತ್ತು ವರ್ಷ. ಲಾತೂರ್ ಕಡೆಯವನು, ನಮ್ಮ ಹಾಗೇ ಊರು ಬಿಟ್ಟು ಬಂದವನು.

ಲೆಕ್ಕ ಹೇಳ್ತೇನೆ, ಕೇಳಿ. ಇಂಥ ಜಾಕ್‌ಗಳ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ತನಕ ಹೋಗಬಹುದು. ಸಿಲಿಂಡರಿನ ಒಳವ್ಯಾಸ 5 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 19.6 ಚದರ ಸೆಂಟಿಮೀಟರ್. ಗುಣಿಸಿ. ಒಂದೊಂದು ಜಾಕ್ ಎತ್ತಬಲ್ಲ ಭಾರ 3900 ಕಿಲೋ ದಾಟುತ್ತದೆ. ಅಷ್ಟು ಭಾರವನ್ನು ಮೇಲೆ ಹಿಡಿದಿರುವುದು ಏನು? ಬೆರಳು ಗಾತ್ರದ ಒಂದು ರಬ್ಬರ್ ಹೋಸು, ಒಂದು ಸೀಲು, ಬಟಾಣಿಯಷ್ಟು ಒಂದು ವಾಲ್ವು. ಮಟ್ಟ ಮಾಡುವ ಜಾಕು ಮಟ್ಟ ಮಾಡಲಿಕ್ಕೆ ಮಾತ್ರ. ಅದನ್ನು ನಂಬಿ ಟೈರ್ ಬದಲಿಸಬಾರದು, ಅದನ್ನು ನಂಬಿ ಕೆಳಗೆ ನುಗ್ಗಬಾರದು. ಹಿಂದಿನ ಗಾಲಿಗಳನ್ನು ನೆಲದಿಂದ ಎತ್ತುವುದಂತೂ ಕೂಡದು, ಯಾಕೆಂದರೆ ಪಾರ್ಕಿಂಗ್ ಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನೇ. ಅವು ಗಾಳಿಯಲ್ಲಿದ್ದರೆ ಬ್ರೇಕು ಇದ್ದೂ ಇಲ್ಲದ ಹಾಗೆ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಮಗ ಸುತ್ತಿಗೆ ಕೆಳಗಿಟ್ಟಿದ್ದ. ಆಮೇಲೆ ನಾನು ಕೇಳಿದೆ, "ಆಫೀಸಿನಾಗ ಪ್ರೋಗ್ರಾಮ್ ಕೆಟ್ರ ಕಂಪ್ಯೂಟರಿಗೆ ಸುತ್ತಿಗಿಲೆ ಹೊಡಿತೀಯೇನಪಾ? ಇಲ್ಲಾ ಹೊಸಾ ಕಂಪ್ಯೂಟರ್ ತರಸತೀಯೋ?" ನಕ್ಕುಬಿಟ್ಟ. ಒಂದು ಕಡೆಯಿಂದ ಒಂದೊಂದೇ ನೋಡಿಕೊಂಡು ಬಂದು ತಪ್ಪು ಎಲ್ಲಿದೆ ಅಂತ ಹಿಡಿಯುವುದೇ ಅವನ ಹೊಟ್ಟೆಪಾಡು. ಅದೇ ಬುದ್ಧಿ ಕಾಲ ಕೆಳಗಿನ ಯಂತ್ರಕ್ಕೆ ಯಾಕೆ ಓಡುವುದಿಲ್ಲ?

ನಾನು ಕೆಲಸ ಕಲಿತದ್ದು ಕೊಲ್ಹಾಪುರದ ಒಬ್ಬ ಸೂಪರ್‌ವೈಸರ್ ಕೈಕೆಳಗೆ. ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ, "ಆಧೀ ಬಘ್, ಮಗ್ ಖೋಲ್." ಮೊದಲು ನೋಡು, ಆಮೇಲೆ ಬಿಚ್ಚು. ಪಾನಾ ಮುಟ್ಟಿದರೆ ಕೈಮೇಲೆ ಏಟು. ಆವತ್ತು ಅದನ್ನೇ ಮಾಡಿದೆವು. ಎಲ್ಲಕ್ಕಿಂತ ಮೊದಲು ಗಾಲಿಗಳಿಗೆ ಅಡ್ಡ ಮರದ ತುಂಡು ಕೊಟ್ಟೆವು. ಗಾಡಿಯ ಜೊತೆ ಬಂದ ಪುಸ್ತಕ ತೆಗೆದೆವು (ಪ್ಲಾಸ್ಟಿಕ್ ಕವರೇ ಹರಿದಿರಲಿಲ್ಲ!). ಪಕ್ಕದ ಅಜ್ಜ ತನ್ನ ಮಲ್ಟಿಮೀಟರ್ ತಂದುಕೊಟ್ಟ. ಅವನೂ ಆಡಿದ ಮೊದಲ ಮಾತು "ಬ್ಯಾಟರಿ ನೋಡಿದಿರಾ?" ದೇಶ ಯಾವುದಾದರೇನು, ಮೇಂಟೆನೆನ್ಸಿನವರ ಜಾತಿ ಒಂದೇ!

ಮೊದಲು ಕರೆಂಟು. ಪಾರ್ಕಿಂಗ್ ಬ್ರೇಕ್ ಎಳೆಯದಿದ್ದರೆ, ಗೇರು ನ್ಯೂಟ್ರಲ್ ಇಲ್ಲವೇ ಪಾರ್ಕ್‌ನಲ್ಲಿ ಇರದಿದ್ದರೆ ಎಷ್ಟೋ ಗಾಡಿಗಳಲ್ಲಿ ಜಾಕಿನ ಫಲಕ ಹೊತ್ತಿಕೊಳ್ಳುವುದೇ ಇಲ್ಲ. ಕೆಟ್ಟಿದೆ ಅಂತ ದುಡ್ಡು ಸುರಿಯುವ ಮೊದಲು ಅದನ್ನು ನೋಡಬೇಕು. ನಮ್ಮದರಲ್ಲಿ ಅದು ಸರಿ ಇತ್ತು. ಬ್ಯಾಟರಿ ಸುಮ್ಮನಿದ್ದಾಗ 12.5 ವೋಲ್ಟ್. ಚೆನ್ನಾಗಿದೆ. ಆದರೆ ಸುಮ್ಮನಿದ್ದ ಬ್ಯಾಟರಿ ನೋಡಿ ಏನೂ ಹೇಳಬಾರದು, ಈ ಪಂಪಿನ ಮೋಟರ್ ಭಾರ ಹೊತ್ತಾಗ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮಗನಿಗೆ ಎರಡು ಮೂರು ಸೆಕೆಂಡು ಮಾತ್ರ ಗುಂಡಿ ಒತ್ತು ಅಂದೆ. ಬ್ಯಾಟರಿಯ ತುದಿಯಲ್ಲಿ 11.8 ಇತ್ತು, ಪಂಪಿನ ಮೋಟರಿನ ಹತ್ತಿರ 9.4. ಮಧ್ಯದಲ್ಲಿ 2.4 ವೋಲ್ಟ್ ಎಲ್ಲಿ ಮಾಯ? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಮೋಟರಿನ ಮೈಮೇಲೆ ಇಟ್ಟು ಮತ್ತೆ ಒತ್ತಿಸಿದೆ. ಅಲ್ಲೇ 2.1 ವೋಲ್ಟ್ ಸಿಕ್ಕಿಬಿತ್ತು. ಅರ್ಧ ವೋಲ್ಟಿನ ಒಳಗಿರಬೇಕಾದದ್ದು. ಅಂದರೆ ಆರ್ತ್ ವೈರಿನ ಕೂಡಿಕೆ ಕೆಟ್ಟಿದೆ. ಯೂಟಾದಲ್ಲಿ ಚಳಿಗಾಲಕ್ಕೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಬೋಲ್ಟಿನ ಬುಡ ತಿಂದಿತ್ತು. ಬ್ಯಾಟರಿಯ ತಂತಿ ಕಳಚಿ, ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ತಿಕ್ಕಿ, ಬಿಗಿದು ಹಾಕಿದೆವು. ಗುಂಡಿ ಒತ್ತಿದರೆ ಪಂಪಿಗೆ ಹರೆಯ ಬಂದಿತ್ತು. ಕೆಂಪು ದೀಪವೂ ಇಲ್ಲ.

ಈಗ ಯೋಚನೆ ಮಾಡಿ. ಎರಡು ಸಾವಿರ ಡಾಲರಿನ ಹೊಸ ಪಂಪು ಹಾಕಿದ್ದರೂ ಅದೇ ತುಕ್ಕು ಹಿಡಿದ ಬೋಲ್ಟಿಗೇ ಕಟ್ಟುತ್ತಿದ್ದರು. ಹೊಸ ಪಂಪೂ ನರಳುತ್ತಿತ್ತು.

ಎರಡನೆಯದು ಎಣ್ಣೆ. ಮಗ ಹೇಳಿದ, "ಅಪ್ಪಾ, ಯಾವುದೋ ಸೀಲ್ ಲೀಕ್ ಐತಿ. ಹ್ವಾದ ವರ್ಷ ಎಣ್ಣಿ ಕಡಿಮಿ ಆಗಿತ್ತು, ತುಂಬಿಸಿದೆ. ಮುಂದಿನ ಸಲಾನೇ ಪಂಪಿನ ಸುತ್ತ ಎಲ್ಲಾ ಎಣ್ಣಿ." ಎಣ್ಣೆ ನೋಡಿದಾಗ ಜಾಕ್ ಎಲ್ಲಿದ್ದವು ಅಂತ ಕೇಳಿದೆ. ಕೆಳಗೆ ಇಳಿದಿದ್ದವಂತೆ. ಸಿಕ್ಕಿತಲ್ಲ ಲೀಕು! ಪಾತ್ರೆಯ ಹಾಲನ್ನು ನಾಲ್ಕು ಲೋಟಕ್ಕೆ ಹೊಯ್ದು, ಪಾತ್ರೆ ಖಾಲಿ ಆಯಿತು ಅಂತ ಮತ್ತೆ ಹಾಲು ತುಂಬಿಸಿ, ಲೋಟದ ಹಾಲನ್ನೂ ವಾಪಸ್ ಸುರಿದರೆ ಉಕ್ಕದೆ ಇನ್ನೇನಾಗುತ್ತದೆ? ಜಾಕ್ ಇಳಿದಿದ್ದಾಗ ಎಣ್ಣೆ ಸಿಲಿಂಡರುಗಳಲ್ಲಿ ಇರುತ್ತದೆ, ಟ್ಯಾಂಕಿಯಲ್ಲಿ ಕಡಿಮೆ ಇರಲೇಬೇಕು. ಎಲ್ಲ ಜಾಕ್ ಮೇಲಕ್ಕೆ ಎಳೆದುಕೊಂಡ ಮೇಲೆಯೇ ಮಟ್ಟ ನೋಡಬೇಕು. ಎಣ್ಣೆಯೂ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಬಹಳಷ್ಟು ಗಾಡಿಗಳಿಗೆ ಆಟೋಮ್ಯಾಟಿಕ್ ಗೇರಿಗೆ ಹಾಕುವ ಎಟಿಎಫ್ ನಡೆಯುತ್ತದೆ. ಅಪ್ಪಿತಪ್ಪಿಯೂ ಬ್ರೇಕ್ ಆಯಿಲ್ ಹಾಕಬಾರದು, ಸೀಲುಗಳು ಉಬ್ಬಿ ಹಾಳಾಗುತ್ತವೆ.

"ಮತ್ತ ರಾತ್ರಿ ಕಳೆಯೋದ್ರಾಗ ಗಾಡಿ ಒಂಚೂರು ಇಳಿದಿರತೈತಲ್ಲ, ಅದು ಲೀಕ್ ಅಲ್ಲೇನು?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಚಳಿಗೆ ಎಣ್ಣೆ ಕುಗ್ಗುತ್ತದೆ. ಒಂದು ಡಿಗ್ರಿ ಇಳಿದರೆ ಹತ್ತು ಸಾವಿರದಲ್ಲಿ ಸುಮಾರು ಏಳು ಪಾಲು. ಸಂಜೆಯ 20 ಡಿಗ್ರಿಯಿಂದ ಬೆಳಗಿನ ಸೊನ್ನೆಗೆ ಬಂದರೆ 20 ಸೆಂಟಿಮೀಟರ್ ಎಣ್ಣೆಯ ಕಂಬ ಹತ್ತಿರ ಹತ್ತಿರ 3 ಮಿಲಿಮೀಟರ್ ಕುಗ್ಗುತ್ತದೆ. ಅದು ರೋಗ ಅಲ್ಲ, ಚಳಿ. ಬೆರಳಗಲ ಇಳಿದಿದ್ದರೆ, ಅದೂ ಒಂದೇ ಮೂಲೆ ಇಳಿದಿದ್ದರೆ, ಆಗ ವಾಲ್ವಿನಲ್ಲಿ ಕಸ ಸಿಕ್ಕಿದೆಯೋ, ಸೀಲು ಹೋಗಿದೆಯೋ ಹುಡುಕಬೇಕು. ಡಾಂಬರಿನ ಮೇಲೆ ನಿಂತಿದ್ದರೆ ಬಿಸಿಲಿಗೆ ಜಾಕಿನ ಪಾದವೇ ಹೂತುಹೋಗಿರಲೂಬಹುದು. ಅದಕ್ಕೇ ಪಾದದ ಕೆಳಗೆ ಅಗಲವಾದ ಹಲಗೆ ಹಾಕೋದು.

ಮೂರನೆಯದು ಮೇಲೇಳದ ಆ ಜಾಕು. ನಮ್ಮ ಗಾಡಿಯಲ್ಲಿ ಜಾಕ್ ಇಳಿಸುವುದು ಎಣ್ಣೆ, ಮೇಲೆ ಎಳೆಯುವುದು ಸ್ಪ್ರಿಂಗು. ವಾಲ್ವು ತೆರೆದು ಎಣ್ಣೆಗೆ ವಾಪಸ್ ದಾರಿ ಕೊಟ್ಟರೆ ಸಾಕು, ಪಂಪಿನ ಕೆಲಸವೇ ಇಲ್ಲ. (ಆದ್ದರಿಂದ "ಮೇಲೆ ಹೋಗುತ್ತಿಲ್ಲ, ಪಂಪು ಬದಲಿಸಿ" ಅನ್ನುವ ಮಾತು ಇಂಥ ಗಾಡಿಗೆ ಹೊಂದುವುದೇ ಇಲ್ಲ.) ಹಾಗಾದರೆ ತಪ್ಪು ವಾಲ್ವಿನದೋ ಜಾಕಿನದೋ? ನಾಲ್ಕು ಜಾಕಿಗೆ ನಾಲ್ಕು ವಾಲ್ವು, ಪ್ರತಿಯೊಂದರ ತಲೆಗೆ ಒಂದು ಸೊಲೆನಾಯ್ಡ್ ಕಾಯಿಲ್. ಕರೆಂಟು ಹೋದಾಗ ಕಾಯಿಲ್ ಅಯಸ್ಕಾಂತ ಆಗುತ್ತದೆ, ಸ್ಕ್ರೂಡ್ರೈವರ್ ಮುಟ್ಟಿಸಿದರೆ ಹಿಡಿದುಕೊಳ್ಳುತ್ತದೆ. ಮೂರು ಹಿಡಿದವು, ನಾಲ್ಕನೆಯದು ಹಿಡಿಯಲಿಲ್ಲ. ಅಲ್ಲಿಗೇ ತೀರ್ಪು ಕೊಡಬಾರದು, ವೈರಿನದೂ ತಪ್ಪಿರಬಹುದು. ಸತ್ತ ಕಾಯಿಲನ್ನೂ ಪಕ್ಕದ ಒಳ್ಳೆಯ ಕಾಯಿಲನ್ನೂ ಅದಲು ಬದಲು ಮಾಡಿದೆವು. ಒಳ್ಳೆಯದು ಸತ್ತದ್ದರ ಜಾಗದಲ್ಲಿಯೂ ಹಿಡಿಯಿತು, ಸತ್ತದ್ದು ಒಳ್ಳೆಯದರ ಜಾಗದಲ್ಲಿಯೂ ಹಿಡಿಯಲಿಲ್ಲ. ವೈರು ಸರಿ, ವಾಲ್ವು ಸರಿ, ಜಾಕು ಸರಿ. ಹೋಗಿದ್ದು ಅಂಗೈಯಲ್ಲಿ ಮುಚ್ಚುವಷ್ಟು ಒಂದು ತಾಮ್ರದ ಸುರುಳಿ.

ಈ ಅದಲು ಬದಲಿನ ಪರೀಕ್ಷೆ ಬಹಳ ದೊಡ್ಡದು ಕಣ್ರೀ. ಬಿಡಿ ಭಾಗದ ಜೊತೆ ರೋಗವೂ ಹೋದರೆ ತಪ್ಪು ಆ ಭಾಗದ್ದು. ರೋಗ ಅಲ್ಲೇ ಉಳಿದರೆ ಭಾಗ ನಿರಪರಾಧಿ. ಒಂದು ಪೈಸೆ ಖರ್ಚಿಲ್ಲ.

ಅದಲು ಬದಲು ಮಾಡುವ ಹೊತ್ತಿಗೇ ಆ ಜಾಕು ಸರ್ರನೆ ಇಳಿಯಬಹುದು, ಗಾಡಿಯ ಆ ಮೂಲೆ ಕುಸಿಯಬಹುದು ಅಂತ ನನಗೆ ಗೊತ್ತಿತ್ತು. ನಮ್ಮ ಪುಣ್ಯಕ್ಕೆ ಪಂಪು, ವಾಲ್ವು ಎಲ್ಲ ಪಕ್ಕದ ಡಿಕ್ಕಿಯಲ್ಲಿ, ಹೊರಗೆ ನಿಂತು ಕೈ ಹಾಕುವ ಹಾಗೆ ಇದ್ದವು. ನನ್ನವಳನ್ನೂ ಸೊಸೆ ಮೊಮ್ಮಕ್ಕಳನ್ನೂ ಇಪ್ಪತ್ತು ಅಡಿ ದೂರ ಕುರ್ಚಿ ಹಾಕಿ ಕೂರಿಸಿದ್ದೆ. "ನನ್ನ ಗಂಡ ಇಲ್ಲೂ ಡ್ಯೂಟಿ ಬಿಡಲಿಲ್ಲ" ಅಂತ ಅವಳು ಸೊಸೆಗೆ ಹೇಳುತ್ತಿದ್ದದ್ದು ಕೇಳಿಸಿತು. ಮಗ ಗುಂಡಿ ಒತ್ತಿದ. ಗಾಡಿ ಒಂದು ಸಲ ನಿಟ್ಟುಸಿರು ಬಿಟ್ಟು ಮೂಲೆ ಇಳಿಸಿತು, ಜಾಕು ಮೇಲೆ ಹೋಯಿತು. ಮಗ ಆ ಮೂಲೆಯನ್ನೇ ನೋಡುತ್ತ ನಿಂತಿದ್ದ. ಅರ್ಧ ತಾಸಿನ ಹಿಂದೆ ಅವನ ಎದೆ ಇದ್ದ ಜಾಗ ಅದು. ಅವನು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಕಾಯಿಲನ್ನು ಆಮೇಲೆ ಅಂಚೆಯಲ್ಲಿ ತರಿಸಿ ಅವನೇ ಹಾಕಿಕೊಂಡ. ಕೆಲವು ಹತ್ತು ಡಾಲರು ಅಷ್ಟೇ.

ರಿಪೇರಿಯವರನ್ನು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕೈಕೆಲಸದ ತಾಸಿಗೆ ಕೊಡುವ ದುಡ್ಡು ಬಹಳ. ಎರಡು ತಾಸು ಮೀಟರ್ ಹಿಡಿದು ಹುಡುಕಿ ತುಕ್ಕು ತಿಕ್ಕಿದರೆ ಬಿಲ್ ನೋಡಿ ಗಿರಾಕಿ ಜಗಳ ತೆಗೆಯುತ್ತಾನೆ. ಹೊಸ ಪಂಪು ಕೂರಿಸಿದರೆ ಥ್ಯಾಂಕ್ಸ್ ಹೇಳಿ ದುಡ್ಡು ಕೊಡುತ್ತಾನೆ. ಹುಡುಕುವ ಬುದ್ಧಿಗೆ ಬೆಲೆ ಕೊಡದೆ ವಸ್ತುವಿಗೆ ಮಾತ್ರ ಬೆಲೆ ಕೊಡುವವರು ನಾವು, ಅವರಲ್ಲ. ಈಗ ಇಲ್ಲಿ ಪುಣೆಯಲ್ಲೂ ಅದೇ ಗಾಳಿ ಬೀಸಿದೆ. ವಾಷಿಂಗ್ ಮಷೀನ್ ಕೆಟ್ಟರೆ "ಬೋರ್ಡ್ ಬದಲಿಸಿ", ಸ್ಕೂಟರ್ ಕೆಟ್ಟರೆ "ಅಸೆಂಬ್ಲಿನೇ ಹಾಕಿಬಿಡಿ". ಮೀಟರ್ ಹಿಡಿಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ.

ಎಲ್ಲವನ್ನೂ ನೀವೇ ರಿಪೇರಿ ಮಾಡಿ ಅಂತಲೂ ಅಲ್ಲ. ಹೋಸು ಬಿರುಕು ಬಿಟ್ಟಿದ್ದರೆ, ಜಾಕಿನ ದಂಡ ಬಾಗಿದ್ದರೆ, ಚಾಸಿಗೆ ಕೂಡಿಸಿದ ವೆಲ್ಡಿಂಗ್ ಸೀಳಿದ್ದರೆ ಮುಟ್ಟಬೇಡಿ, ಬಲ್ಲವರನ್ನು ಕರೆಯಿರಿ. ಲೀಕ್ ಹುಡುಕಲು ಹೋಸಿನ ಮೇಲೆ ಬರಿಗೈ ಆಡಿಸಬೇಡಿ. ಸೂಜಿಮೊನೆಯ ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕೆಯಷ್ಟು ಗಾಯ, ಒಳಗೆ ಬೆರಳೇ ಕಳೆದುಕೊಳ್ಳುವ ಗತಿ. ರಟ್ಟಿನ ತುಂಡು ಹಿಡಿದು ನೋಡಬೇಕು. ಆದರೆ ಬ್ರೇಕು, ಬ್ಯಾಟರಿ, ಆರ್ತು, ಎಣ್ಣೆಯ ಮಟ್ಟ, ಕಾಯಿಲು ಈ ಐದನ್ನು ಹೊರಗೆ ನಿಂತೇ ನೋಡಬಹುದು. ನೋಡಿ, ಬರೆದುಕೊಂಡು, ಆಮೇಲೆ ಫೋನ್ ಮಾಡಿ. ರಿಪೇರಿಯವನಿಗೂ ಅದರಿಂದ ಉಪಕಾರವೇ.

ನಮ್ಮ ತಲೆಮಾರು ಊರು ಬಿಟ್ಟು ಮುಂಬಯಿ, ಪುಣೆಗೆ ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ, ಬದಲಿಸುವ ಮಾತೇ ಇರಲಿಲ್ಲ, ಆದ್ದರಿಂದ ನೋಡುವುದನ್ನು ಕಲಿತೆವು. ಮಕ್ಕಳ ಕೈಯಲ್ಲಿ ದುಡ್ಡಿದೆ, ಸಂತೋಷ. ಕಷ್ಟಪಟ್ಟಿದ್ದೇ ಅದಕ್ಕಾಗಿ. ಆದರೆ ನಾವು ಅವರಿಗೆ ಇಂಜಿನಿಯರಿಂಗ್ ಸೀಟು ಕೊಡಿಸಿದೆವು, ಫೀಸು ಕಟ್ಟಿದೆವು, ಪಾನಾ ಹಿಡಿದ ಕೈ ಮಾತ್ರ ತೋರಿಸಲಿಲ್ಲ. ಮನೆಗೆ ಬಂದ ಮೇಲೆ ಎಣ್ಣೆಯ ಕೈ ತೊಳೆದುಕೊಂಡೇ ಮಕ್ಕಳನ್ನು ಮುಟ್ಟಿದೆವು. ಭೋಸರಿಯ ಆ ಹುಡುಗನ ಕಥೆಯನ್ನು ನಾನು ಮೂವತ್ತೆರಡು ವರ್ಷ ಮಗನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಆವತ್ತು ಆ ಗಾಡಿಯ ಕೆಳಗೆ ನುಗ್ಗುತ್ತಿರಲಿಲ್ಲ. ಈ ತಪ್ಪು ಅವನದಲ್ಲ, ನನ್ನದು.

ಅದಕ್ಕೇ ಇಷ್ಟು ಉದ್ದ ಬರೆದೆ. ನಿಮ್ಮಲ್ಲೂ ಬಹಳ ಜನ ಕಾರ್ಖಾನೆ, ರೈಲ್ವೆ, ಡಾಕ್‌ಯಾರ್ಡುಗಳಲ್ಲಿ ಕೈ ಸವೆಸಿದವರಿದ್ದೀರಿ. ನಿಮ್ಮ ನಿಮ್ಮ ಕೆಲಸದಲ್ಲಿ ಕಂಡ ಅಪಾಯಗಳನ್ನು ಮಕ್ಕಳಿಗೆ ಹೇಳಿದ್ದೀರಾ?

ಮೊನ್ನೆ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಮೀಟರಿನ ಮೇಲೆ 12.6. ಕೆಳಗೆ ಬರೆದಿದ್ದ, "ಇನ್ನೂ ಏನೂ ಬಿಚ್ಚಿಲ್ಲ ಅಪ್ಪಾ."